ಹಿಂದಿನ ಮೆಕ್ಯಾನಿಕ್‌ನ ಕೈಬರಹ

(ಮೈಸೂರಿನ ನಮ್ಮ ಬಡಾವಣೆಯ ವಾಚನಾಲಯದಲ್ಲಿ ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತು. ಎದುರಿಗೆ ಕೂತಿದ್ದವರಲ್ಲಿ ಅರ್ಧ ಐಟಿಐ ಹುಡುಗರು, ಇನ್ನರ್ಧ ರಿಟೈರ್ ಆದವರು. ಫೋನಿನಲ್ಲಿ ರೆಕಾರ್ಡ್ ಆಗಿದ್ದನ್ನು ಕೇಳಿಕೊಂಡು, ಕೆಮ್ಮಿದ್ದು, ಒಂದೇ ಮಾತನ್ನು ಎರಡು ಸಲ ಹೇಳಿದ್ದು ಬಿಟ್ಟು ಬರೆದಿದ್ದೇನೆ.)

ನಮಸ್ಕಾರ. ಭಾನುವಾರದ ದೋಸೆ ಬಿಟ್ಟು ಬಂದಿದ್ದೀರಿ, ಸಂತೋಷ.

ಕರೆದವರು ಕಾರ್ಡಿನಲ್ಲಿ "ಹಳೇ ಕಾರುಗಳ ವೈಭವ" ಅಂತ ಹಾಕಿಸಿದ್ದಾರೆ. ವೈಭವ ನೋಡಬೇಕು ಅಂದರೆ ಇಲ್ಲಿಂದ ಬೆಂಗಳೂರು ಹೈವೇಯಲ್ಲಿ ಸ್ವಲ್ಪ ದೂರ ಹೋಗಿ. ಶ್ರೀರಂಗಪಟ್ಟಣದ ಹತ್ತಿರ ಪಯಣ ಅಂತ ಮ್ಯೂಸಿಯಂ ಇದೆ. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಕೂಡಿಸಿದ ಕಾರುಗಳು ಅಲ್ಲಿ ಸಾಲಾಗಿ ನಿಂತಿವೆ. ಕಣ್ಣು ತುಂಬ ನೋಡಿ ಬನ್ನಿ. ನನಗೆ ಗೊತ್ತಿರುವುದು ಕಾರಿನ ಕೆಳಗಿನ ಭಾಗ. ಮೂವತ್ತೆಂಟು ವರ್ಷದಿಂದ ಗೋಣಿಚೀಲ ಹಾಸಿಕೊಂಡು ಅಲ್ಲೇ ಮಲಗಿದ್ದೇನೆ. ಅಲ್ಲಿಂದ ಏನು ಕಾಣುತ್ತದೆ ಅಂತ ಹೇಳುತ್ತೇನೆ.

ನನ್ನೂರು ಪಾಂಡವಪುರದ ಹತ್ತಿರ. 1987ರಲ್ಲಿ ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಫೇಲಾಗಿ ಮೈಸೂರಿಗೆ ಬಂದು ಒಬ್ಬರು ಸಾಬರ ಗ್ಯಾರೇಜಿಗೆ ಸೇರಿದೆ. ಎಲ್ಲರೂ ಅವರನ್ನು ಉಸ್ತಾದ್ ಅಂತಲೇ ಕರೆಯುತ್ತಿದ್ದರು. ಮೊದಲ ಆರು ತಿಂಗಳು ನನ್ನ ಕೆಲಸ ಟೀ ತರುವುದು, ಸೀಮೆಎಣ್ಣೆಯಲ್ಲಿ ನಟ್ಟು ಬೋಲ್ಟು ತೊಳೆಯುವುದು. ಆಗ ಇವೆಲ್ಲ ಹಳೇ ಕಾರುಗಳಲ್ಲ, ಬರೀ ಕಾರುಗಳು. ಮಾರುತಿ ಬಂದು ಮೂರು ನಾಲ್ಕು ವರ್ಷ ಆಗಿತ್ತು ಅಷ್ಟೆ. ರಸ್ತೆ ತುಂಬ ಅಂಬಾಸಿಡರ್, ಫಿಯೆಟ್. ಕ್ಲಾಸಿಕ್ ಕಾರ್ ಮೆಕ್ಯಾನಿಕ್ ಆಗಬೇಕು ಅಂತ ನಾನು ಆಸೆಪಟ್ಟು ಆದವನಲ್ಲ. ಕಾರುಗಳಿಗೆ ವಯಸ್ಸಾಯಿತು, ನನಗೂ ಆಯಿತು. ಬೋರ್ಡು ಮಾತ್ರ ಹೊಸದಾಗಿ ಬರೆಸಿದೆ.

ಗ್ಯಾರೇಜಿಗೆ ಬರುವ ಗಾಡಿಗಳಲ್ಲಿ ಮೂರು ಜಾತಿಯವೇ ಜಾಸ್ತಿ. ಒಂದು ಅಂಬಾಸಿಡರ್. ಅದು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ ಮೂರು. 1957ರ ಹೊತ್ತಿಗೆ ಕಲ್ಕತ್ತೆ ಪಕ್ಕದ ಉತ್ತರಪಾಡಾದಲ್ಲಿ ಶುರುವಾಗಿ 2014ರ ಮೇ ತಿಂಗಳವರೆಗೆ ತಯಾರಾಯಿತು. ಎರಡನೆಯದು ಫಿಯೆಟ್ ಹನ್ನೊಂದು ನೂರು. ಬೊಂಬಾಯಿಯ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿಯವರು ಮಾಡುತ್ತಿದ್ದರು. ಆಮೇಲೆ ಪ್ರೀಮಿಯರ್ ಪದ್ಮಿನಿ ಅಂತ ಹೆಸರಾಯಿತು, ಆದರೆ ನಮ್ಮ ಬಾಯಲ್ಲಿ ಇವತ್ತಿಗೂ ಫಿಯೆಟ್ಟೇ. ಮೂರನೆಯದು ಮದ್ರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್. ಅದರ ಮುಂದಿನ ಮಡ್‌ಗಾರ್ಡ್ ಸಮೇತ ಇಡೀ ಬಾನೆಟ್ಟು ಸೊಳ್ಳೆಪರದೆ ಎತ್ತಿದ ಹಾಗೆ ಮೇಲೆ ಏಳುತ್ತದೆ. ಮೆಕ್ಯಾನಿಕ್‌ಗೆ ಸೊಂಟ ನೋವು ಕೊಡದ ಕಾರು ಅದೊಂದೇ. ಇವು ಬಿಟ್ಟರೆ ಕೊಡಗು, ಸಕಲೇಶಪುರದ ಎಸ್ಟೇಟುಗಳ ವಿಲ್ಲೀಸ್ ಜೀಪು, ಒಂದೊಂದು ಮಾರಿಸ್ ಮೈನರ್, ಅಪರೂಪಕ್ಕೆ ಅಮೆರಿಕದ ದೊಡ್ಡ ಗಾಡಿ.

ಎಲ್ಲರೂ ಮೊದಲು ಕೇಳುವ ಪ್ರಶ್ನೆ, "ಸ್ಪೇರ್ ಪಾರ್ಟ್ಸ್ ಸಿಗುತ್ತವಾ?" ಸಿಗುತ್ತವೆ. ಸಿಗದಿದ್ದರೆ ಮಾಡಿಸುತ್ತೇವೆ. ನಮಗೆ ತಲೆನೋವು ಪಾರ್ಟ್ಸ್ ಅಲ್ಲ. ಅರವತ್ತು ವರ್ಷದ ಕಾರು ಅಂದರೆ ಅರವತ್ತು ವರ್ಷದಿಂದ ರಿಪೇರಿ ಆಗುತ್ತಾ ಬಂದಿರುವ ಕಾರು. ನನಗಿಂತ ಮುಂಚೆ ಹತ್ತು ಹದಿನೈದು ಜನ ಅದರೊಳಗೆ ಕೈ ಹಾಕಿದ್ದಾರೆ. ಒಬ್ಬ ಜಾಣ, ಒಬ್ಬ ಅವಸರದವನು, ಇನ್ನೊಬ್ಬನ ಹತ್ತಿರ ಸರಿಯಾದ ಪಾನಾ ಇರಲಿಲ್ಲ, ಮತ್ತೊಬ್ಬನ ಗಿರಾಕಿಯ ಹತ್ತಿರ ದುಡ್ಡಿರಲಿಲ್ಲ. ಎಲ್ಲರೂ ಒಳಗೆ ಏನೋ ಬರೆದು ಹೋಗಿದ್ದಾರೆ. ನನ್ನ ಅರ್ಧ ಕೆಲಸ ಆ ಕೈಬರಹ ಓದುವುದು. ಡಾಕ್ಟರ ಚೀಟಿಗಿಂತ ಕಷ್ಟ, ನಂಬಿ.

ಒಂದು ನಟ್ಟಿನಿಂದಲೇ ಶುರು ಮಾಡೋಣ. ಐಟಿಐ ಹುಡುಗರು ಸ್ವಲ್ಪ ಇಲ್ಲಿ ನೋಡಿ.

ನನ್ನ ಹತ್ತಿರ ಮೂರು ಸೆಟ್ ಪಾನಾ ಇವೆ. ಫಿಯೆಟ್ ಇಟಲಿಯ ಹುಟ್ಟು, ಅದಕ್ಕೆ ಮಿಲಿಮೀಟರ್. ಅಂಬಾಸಿಡರ್, ಹೆರಾಲ್ಡ್, ಜೀಪಿಗೆ ಇಂಚಿನ ಪಾನಾ. ಅದಕ್ಕೂ ಹಿಂದಿನ ಇಂಗ್ಲಿಷ್ ಗಾಡಿಗಳಿಗೆ ವಿಟ್‌ವರ್ತ್ ಅಂತ ಬೇರೆಯೇ ಸೆಟ್. ವಿಟ್‌ವರ್ತ್ ಪಾನಾದ ಮೇಲೆ ಕಾಲು ಇಂಚು ಅಂತ ಬರೆದಿದ್ದರೆ ಅದು ನಟ್ಟಿನ ತಲೆಯ ಅಳತೆ ಅಲ್ಲ, ಬೋಲ್ಟಿನ ದಪ್ಪದ ಅಳತೆ. ಪಾನಾದ ಬಾಯಿ ಅದಕ್ಕಿಂತ ಎಷ್ಟೋ ಅಗಲ. ಹೊಸ ಹುಡುಗರು ಇಲ್ಲೇ ಬೆಪ್ಪಾಗುತ್ತಾರೆ.

ಈಗ ಯೋಚನೆ ಮಾಡಿ. ಅರ್ಧ ಇಂಚು ಅಂದರೆ 12.7 ಮಿಲಿಮೀಟರ್. ಅಂಬಾಸಿಡರ್‌ನ ಅರ್ಧ ಇಂಚಿನ ನಟ್ಟಿಗೆ ಹದಿಮೂರರ ಪಾನಾ ಹಾಕಿದರೆ ಕೂರುತ್ತದೆ. ಕೂತ ಹಾಗೆ ಕಾಣುತ್ತದೆ. ನಟ್ಟು ಬಿಗಿಯಾಗಿದ್ದರೆ ಜಾರಿ ಮೂಲೆಗಳನ್ನು ತಿಂದುಹಾಕುತ್ತದೆ. ನಾಲ್ಕು ಜನ ಹೀಗೆ ಮಾಡಿದ ಮೇಲೆ ನಟ್ಟು ಗೋಲಿ ಆಗುತ್ತದೆ. ಐದನೆಯವನು ಚಾಣ, ಸುತ್ತಿಗೆ ತರುತ್ತಾನೆ. ಆರನೆಯವನು ನಾನು.

ಇದಕ್ಕಿಂತ ಕೆಟ್ಟದ್ದು ಥ್ರೆಡ್ಡಿನದು. ಇಂಗ್ಲಿಷ್ ಗಾಡಿಯ ಐದು ಬೈ ಹದಿನಾರು ಇಂಚಿನ ತೂತು ಹೆಚ್ಚುಕಮ್ಮಿ ಎಂಟು ಮಿಲಿಮೀಟರ್. ಎಂಟರ ಬೋಲ್ಟು ಕೈಯಲ್ಲೇ ಎರಡು ಸುತ್ತು ಒಳಗೆ ಹೋಗುತ್ತದೆ. ಮೂರನೇ ಸುತ್ತಿಗೆ ಬಿಗಿ. ಬುದ್ಧಿ ಇದ್ದವನು ಅಲ್ಲಿ ನಿಲ್ಲಿಸುತ್ತಾನೆ, ಯಾಕೆಂದರೆ ಎರಡರ ಥ್ರೆಡ್ಡೇ ಬೇರೆ. ಇಂಚಿನದರಲ್ಲಿ ಒಂದು ಇಂಚಿಗೆ 24 ಸುತ್ತು, ಮಿಲಿಮೀಟರ್‌ನದರಲ್ಲಿ ಸುಮಾರು 20. ತೋಳುಬಲ ಇದ್ದವನು ಉದ್ದದ ಪೈಪು ತೂರಿಸಿ ತಿರುಗಿಸುತ್ತಾನೆ. ಬೋಲ್ಟು ಕೂರುತ್ತದೆ. ಅವನು ದುಡ್ಡು ಎಣಿಸಿಕೊಂಡು ಮನೆಗೆ ಹೋಗುತ್ತಾನೆ. ಇಪ್ಪತ್ತು ವರ್ಷದ ಮೇಲೆ ಅದನ್ನು ಬಿಚ್ಚುವಾಗ ತೂತಿನ ಥ್ರೆಡ್ಡೆಲ್ಲ ಸುರುಳಿಯಾಗಿ ಬೋಲ್ಟಿನ ಜೊತೆ ಹೊರಗೆ ಬರುತ್ತದೆ.

ಒಂದು ತಮಾಷೆಯ ವಿಷಯ ಹೇಳುತ್ತೇನೆ. ಎಂಜಿ ಅಂತ ಇಂಗ್ಲೆಂಡಿನ ಪುಟ್ಟ ಸ್ಪೋರ್ಟ್ಸ್ ಕಾರು ಇತ್ತು. ಅದರ ಟಿಸಿ ಮಾಡೆಲ್ಲಿನ ಇಂಜಿನ್ನಿನಲ್ಲಿ ಬೋಲ್ಟಿನ ಥ್ರೆಡ್ಡು ಮಿಲಿಮೀಟರ್, ತಲೆ ಮಾತ್ರ ವಿಟ್‌ವರ್ತ್. ಯಾಕೆ ಗೊತ್ತಾ? ಆ ಇಂಜಿನ್ ಮಾಡುತ್ತಿದ್ದ ಕವೆಂಟ್ರಿಯ ಕಾರ್ಖಾನೆ ಮೊದಲು ಹಾಚ್‌ಕಿಸ್ ಅನ್ನುವ ಫ್ರೆಂಚ್ ಕಂಪನಿಯದು. ಮಾರಿಸ್‌ನವರು ಅದನ್ನು ಕೊಂಡುಕೊಂಡರು. ಥ್ರೆಡ್ ಕೊರೆಯುವ ಮೆಷಿನ್ನುಗಳೆಲ್ಲ ಮಿಲಿಮೀಟರಿನವು, ಬದಲಾಯಿಸಿದರೆ ಖರ್ಚು. ಹೊರಗೆ ದೇಶದ ಮೆಕ್ಯಾನಿಕ್ಕುಗಳ ಹತ್ತಿರ ಇರುವುದು ವಿಟ್‌ವರ್ತ್ ಪಾನಾ. ಹಾಗಾಗಿ ಹೊಟ್ಟೆ ಫ್ರಾನ್ಸ್, ತಲೆ ಇಂಗ್ಲೆಂಡ್. ಜುಗಾಡ್, ಅಂದರೆ ಇದ್ದದ್ದರಲ್ಲೇ ಹೇಗೋ ಹೊಂದಿಸುವುದು, ನಮ್ಮದೊಂದೇ ಸ್ವತ್ತು ಅಂತ ಯಾರಾದರೂ ಜಂಬ ಕೊಚ್ಚಿಕೊಂಡರೆ ನಾನು ಈ ಕಥೆ ಹೇಳುತ್ತೇನೆ.

ಬೇರೆಯವರ ತಪ್ಪು ಮಾತ್ರ ಹೇಳಿದರೆ ನ್ಯಾಯ ಅಲ್ಲ, ಅಲ್ವಾ? ನನ್ನದೂ ಒಂದು ಹೇಳುತ್ತೇನೆ.

ಸೇರಿ ಎರಡು ವರ್ಷ ಆಗಿತ್ತು. ಉಸ್ತಾದ್ ನಮಾಜಿಗೆ ಹೋಗಿದ್ದರು. ಒಬ್ಬರು ಮೇಷ್ಟ್ರು ಮಾರಿಸ್ ಮೈನರ್‌ಗೆ ಹೊಸ ಬ್ಯಾಟರಿ ತಂದರು. ಹಾಕಿಕೊಡಪ್ಪ ಅಂದರು. ಬ್ಯಾಟರಿ ತಾನೇ, ಏನು ಮಹಾ. ನೆಗೆಟಿವ್ ಬಾಡಿಗೆ, ಪಾಸಿಟಿವ್ ಸ್ಟಾರ್ಟ್ ಮಾಡುವ ಸೆಲ್ಫ್ ಮೋಟಾರಿಗೆ, ಅಂಬಾಸಿಡರ್‌ಗೆ ಹಾಕಿದ ಹಾಗೆ ಹಾಕಿದೆ. ಒಂದೇ ಸಲಕ್ಕೆ ಸ್ಟಾರ್ಟ್. ಮೇಷ್ಟ್ರು ಐದು ರೂಪಾಯಿ ಟಿಪ್ಸ್ ಕೊಟ್ಟರು. ಸಂಜೆ ಅದೇ ಕಾರು ಎಳೆಸಿಕೊಂಡು ಬಂತು. ಡೈನಮೊದಿಂದ ಬ್ಯಾಟರಿಗೆ ಕರೆಂಟು ಬಿಡುವ, ತಡೆಯುವ ಕಟೌಟ್ ಬಾಕ್ಸ್ ಸುಟ್ಟು ಕರಿ ಆಗಿತ್ತು.

ಆ ಕಾಲದ ಇಂಗ್ಲಿಷ್ ಗಾಡಿಗಳಲ್ಲಿ ಬ್ಯಾಟರಿಯ ಪಾಸಿಟಿವ್ ಬಾಡಿಗೆ ಹೋಗುತ್ತದೆ. ಉಲ್ಟಾ ಹಾಕಿದರೂ ಸೆಲ್ಫ್ ಅದೇ ದಿಕ್ಕಿಗೆ ತಿರುಗುತ್ತದೆ, ಪ್ಲಗ್ಗಿನಲ್ಲಿ ಕಿಡಿಯೂ ಬರುತ್ತದೆ. ಹಾಗಾಗಿ ತಪ್ಪು ಗೊತ್ತೇ ಆಗುವುದಿಲ್ಲ. ಆದರೆ ಡೈನಮೊ ಒಳಗಿನ ಕಬ್ಬಿಣಕ್ಕೆ ಹಳೇ ದಿಕ್ಕಿನ ಅಯಸ್ಕಾಂತದ ನೆನಪು ಇರುತ್ತದೆ. ಅದು ಹಳೇ ದಿಕ್ಕಿಗೇ ಕರೆಂಟು ತಳ್ಳುತ್ತದೆ. ಬ್ಯಾಟರಿ ಈಗ ಉಲ್ಟಾ ಇದೆ. ಕಟೌಟ್ ಮುಚ್ಚಿಕೊಂಡ ಕೂಡಲೇ ಎರಡೂ ಸೇರಿಕೊಂಡು ಸುಡುತ್ತವೆ.

ಉಸ್ತಾದ್ ಬೈಯಲಿಲ್ಲ. ಎಫ್ ಅಂತ ಗುರುತಿರುವ ವೈರು ಬಿಚ್ಚಿಸಿ, ಬ್ಯಾಟರಿಯಿಂದ ಒಂದು ವೈರು ಎಳೆದು ಡೈನಮೊದ ಆ ಕಡ್ಡಿಗೆ ಟಪ್ ಅಂತ ಒಂದು ಕ್ಷಣ ತಾಗಿಸಿದರು. ನೆನಪು ತಿರುಗುವುದು ಅಷ್ಟರಲ್ಲೇ. ಇದನ್ನು ಮೊದಲು ಮಾಡಿ ಆಮೇಲೆ ಕಾರು ಸ್ಟಾರ್ಟ್ ಮಾಡಿದ್ದರೆ ಬ್ಯಾಟರಿ ಯಾವ ಕಡೆ ಹಾಕಿದರೂ ನಡೆಯುತ್ತಿತ್ತು. ಕಟೌಟ್‌ನ ದುಡ್ಡು ನನ್ನ ಸಂಬಳದಲ್ಲಿ ಮೂರು ತಿಂಗಳು ಹಿಡಿದುಕೊಂಡರು. ಮೇಷ್ಟ್ರ ಐದು ರೂಪಾಯಿ ವಾಪಸ್ ಕೊಡು ಅಂತಲೂ ಅಂದರು. ಅದಾಗಲೇ ಸಿನಿಮಾಕ್ಕೆ ಖರ್ಚಾಗಿತ್ತು.

ಅವತ್ತಿನಿಂದ ನನಗೊಂದು ಚಟ. ಹಳೇ ಕಾರು ಬಂದರೆ ಮೊದಲ ದಿನ ಏನೂ ಬಿಚ್ಚುವುದಿಲ್ಲ. ಸುಮ್ನೆ ಸುತ್ತ ನೋಡುತ್ತೇನೆ. ಬಟ್ಟೆ ಸುತ್ತಿದ ಒಂದು ಅಯಸ್ಕಾಂತ ಹಿಡಿದು ಬಾಡಿ ಮೇಲೆ ಸವರುತ್ತೇನೆ. ಅಂಟಿಕೊಳ್ಳದ ಕಡೆ ಪುಟ್ಟಿ ಇದೆ ಅಂತ ಅರ್ಥ. ಹಳೇ ಕಾಲದ ಟಿಂಕರ್‌ಗಳು ಸೀಸ ಕರಗಿಸಿ ತುಂಬುತ್ತಿದ್ದರು, ಅದಕ್ಕೂ ಅಯಸ್ಕಾಂತ ಅಂಟುವುದಿಲ್ಲ. ಆದರೆ ಬೆರಳಲ್ಲಿ ತಟ್ಟಿದರೆ ಸದ್ದು ಬೇರೆ. ಪುಟ್ಟಿ ಡಬ್ ಅನ್ನುತ್ತದೆ. ಸೀಸ ತುಂಬಿದ ಜಾಗ ಕಂಡರೆ ನಾನು ಮುಟ್ಟುವುದಿಲ್ಲ. ಆ ಕೆಲಸ ಬರುವವರು ಈಗ ಸಿಗುವುದು ಕಷ್ಟ.

ಕಾರು ಎಲ್ಲಿ ಬದುಕಿತ್ತು ಅನ್ನುವುದೂ ಮೈಮೇಲೇ ಬರೆದಿರುತ್ತದೆ. ಮಂಗಳೂರು, ಉಡುಪಿ ಕಡೆಯ ಗಾಡಿ ಮೇಲೆ ಚಂದ ಇರುತ್ತದೆ, ಮ್ಯಾಟ್ ಎತ್ತಿದರೆ ರಸ್ತೆ ಕಾಣುತ್ತದೆ. ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ. ಬಳ್ಳಾರಿ, ಕಲಬುರಗಿ ಕಡೆಯದರಲ್ಲಿ ತಗಡು ಗಟ್ಟಿ, ಆದರೆ ಬಿಸಿಲಿಗೆ ಸೀಟು ಒಡೆದು ರಬ್ಬರೆಲ್ಲ ಹಪ್ಪಳ. ಎಸ್ಟೇಟಿನ ಜೀಪು ಬಂದರೆ ಮೊದಲು ಏರ್ ಕ್ಲೀನರ್ ಬಿಚ್ಚಿ ನೋಡಬೇಕು. ಇಲಿ ಸಂಸಾರ ಮಾಡಿರುತ್ತದೆ. ಸಕಲೇಶಪುರದ ಒಂದು ಜೀಪಿನ ಸೈಲೆನ್ಸರ್ ಒಳಗೆ ಕಡಜ ಗೂಡು ಕಟ್ಟಿತ್ತು. ಸ್ಟಾರ್ಟ್ ಮಾಡಿದಾಗ ಜೀಪಿಗಿಂತ ಮುಂಚೆ ನಾವು ಓಡಿದೆವು.

ಈಗ ಆ ದೊಡ್ಡ ಅಮೆರಿಕನ್ ಗಾಡಿಗಳ ಕಥೆಗೆ ಬರುತ್ತೇನೆ. ಕೈಬರಹ ಅಂದರೆ ಏನು ಅಂತ ಅಲ್ಲಿ ಚೆನ್ನಾಗಿ ತಿಳಿಯುತ್ತದೆ.

ಬೊಂಬಾಯಿಯಲ್ಲಿ ಜನರಲ್ ಮೋಟಾರ್ಸ್ 1928ರಿಂದಲೇ ಕಾರು ಜೋಡಿಸುತ್ತಿತ್ತು. ಸ್ವಾತಂತ್ರ್ಯ ಬಂದ ಮೇಲೆ ಸರ್ಕಾರ ಹೇಳಿತು, ಬರೀ ಜೋಡಿಸಿದರೆ ಆಗಲ್ಲ, ಇಲ್ಲೇ ತಯಾರು ಮಾಡುವುದಾದರೆ ಇರಿ. 1954ರಲ್ಲಿ ಜನರಲ್ ಮೋಟಾರ್ಸ್, ಫೋರ್ಡ್ ಎರಡೂ ಗಂಟುಮೂಟೆ ಕಟ್ಟಿದವು. ಹೋದವರು ಹೋದರು, ಕಾರುಗಳು ಇಲ್ಲೇ ಉಳಿದವು. ಪಾರ್ಟ್ಸ್ ತರಿಸೋಣ ಅಂದರೆ ಇಂಪೋರ್ಟ್ ಲೈಸೆನ್ಸು. ಆಮೇಲೆ ಎಪ್ಪತ್ತರ ದಶಕದಲ್ಲಿ ಪೆಟ್ರೋಲು ರೇಟು ಏರಿತು. ಆರು ಸಿಲಿಂಡರಿನ, ಎಂಟು ಸಿಲಿಂಡರಿನ ಗಾಡಿಗೆ ಪೆಟ್ರೋಲು ಹಾಕುವುದು ಆನೆ ಸಾಕಿದ ಹಾಗೆ. ಒರಿಜಿನಲ್ ಇಂಜಿನ್ ಇಳಿಸಿ ಗುಜರಿಗೆ ಹಾಕಿದರು, ಪರ್ಕಿನ್ಸ್ ಡೀಸೆಲ್ಲೋ ಮೆಟಡಾರ್ ವ್ಯಾನಿನ ಇಂಜಿನ್ನೋ ಕೂರಿಸಿದರು. ಟ್ಯಾಕ್ಸಿಗೆ ಓಡಿಸಿದರು. ಏಳು ಎಂಟು ಜನ ಕೂರುವ ಗಾಡಿ, ಮದುವೆ ದಿಬ್ಬಣಕ್ಕೆ ಹೇಳಿ ಮಾಡಿಸಿದ ಹಾಗಿತ್ತು.

ಹಾಗೆ ಬದುಕಿ ಬಂದ ಒಂದು ಪ್ಲಿಮತ್ ಕೆಲವು ವರ್ಷದ ಹಿಂದೆ ನನ್ನ ಹತ್ತಿರ ಬಂತು. ಇಂಜಿನ್ ಮೆಟಡಾರ್. ಬ್ರೇಕಿನ ಮಾಸ್ಟರ್ ಸಿಲಿಂಡರ್ ಅಂಬಾಸಿಡರ್. ರೇಡಿಯೇಟರ್ ಯಾವುದೋ ಲಾರಿಯದು. ಸ್ಟೀರಿಂಗಿನ ಉದ್ದ ರಾಡು ಜೀಪಿನದನ್ನು ಕತ್ತರಿಸಿ ಬೆಸುಗೆ ಹಾಕಿದ್ದು. ಹಿಂದಿನ ಸೀಟಿನ ಅಡಿ ಬಸ್ಸಿನ ಸ್ಪ್ರಿಂಗು. ಹುಡುಗರು ನಗುತ್ತಿದ್ದರು. ನಾನು ನಗಲಿಲ್ಲ. ಇಂಜಿನ್ ಕೂರಿಸಲು ಹೊಸದಾಗಿ ಮಾಡಿದ್ದ ಬ್ರಾಕೆಟ್ಟುಗಳನ್ನು ನೋಡಿದೆ. ಕೈ ಅರದಲ್ಲಿ ಉಜ್ಜಿ ಮೂಲೆ ಉರುಟು ಮಾಡಿದ್ದರು. ವೆಲ್ಡಿಂಗು ಒಂದೇ ಸಮ, ಮೀನಿನ ಹುರುಪೆಯ ಹಾಗೆ. ಯಾರೋ ಒಬ್ಬ, ಡ್ರಾಯಿಂಗ್ ಇಲ್ಲ, ಪುಸ್ತಕ ಇಲ್ಲ, ಗಾಡಿ ಕೆಳಗೆ ಮಲಗಿ ಬೀಡಿ ಪೊಟ್ಟಣದ ಮೇಲೆ ಅಳತೆ ಬರೆದುಕೊಂಡು ಮಾಡಿದ ಕೆಲಸ ಅದು. ಆದರೆ ಸ್ಟೀರಿಂಗಿನ ಬೆಸುಗೆ ಅವನ ಕೈ ಅಲ್ಲ. ಅದು ಬೇರೆ ಯಾರೋ, ಅವಸರದಲ್ಲಿ. ಗುಳ್ಳೆ ಎದ್ದಿತ್ತು. ಅದನ್ನು ಅವತ್ತೇ ಬಿಚ್ಚಿ ಎಸೆದೆ.

ನನ್ನ ಲೆಕ್ಕ ಇಷ್ಟು. ಬ್ರೇಕು, ಸ್ಟೀರಿಂಗು, ಪೆಟ್ರೋಲು ಹರಿಯುವ ಪೈಪು, ಕರೆಂಟು ಹರಿಯುವ ವೈರು, ಈ ನಾಲ್ಕರಲ್ಲಿ ಯಾರ ಜುಗಾಡನ್ನೂ ಉಳಿಸುವುದಿಲ್ಲ. ಮಿಕ್ಕಿದ್ದನ್ನು ಓನರ್ ಜೊತೆ ಕೂತು ಮಾತಾಡುತ್ತೇನೆ. ಜಗಳ ಆಗುವುದು ಇಲ್ಲೇ. ಈಗಿನವರಿಗೆ ಎಲ್ಲ "ಒರಿಜಿನಲ್" ಬೇಕು. ಫ್ಯಾಕ್ಟರಿಯಿಂದ ಬಂದ ಹಾಗೆ. ಫ್ಯಾಕ್ಟರಿಯಿಂದ ಬಂದ ಅಂಬಾಸಿಡರ್‌ನ ಬಾಗಿಲು ಸಂದಿಯಲ್ಲಿ ಬೆರಳು ತೂರುತ್ತಿತ್ತು ಸ್ವಾಮಿ! ಅದರ ಪೇಂಟಿನಲ್ಲಿ ಮುಖ ನೋಡಿ ಶೇವ್ ಮಾಡಿಕೊಳ್ಳುವ ಹಾಗಿರಲಿಲ್ಲ. ಈಗ ಮಾಡಿಸುವುದು ಫ್ಯಾಕ್ಟರಿಯವರು ಕನಸಲ್ಲೂ ಮಾಡದಿದ್ದ ಪಾಲಿಶು. ಮಾಡಿಕೊಡುತ್ತೇನೆ, ದುಡ್ಡು ತಗೊಳ್ಳುತ್ತೇನೆ, ಅದು ಬೇರೆ ಮಾತು.

ಚಿಕ್ಕಮಗಳೂರಿನ ಒಂದು ಹೆರಾಲ್ಡ್‌ನಲ್ಲಿ ಗೇರ್ ಹಿಡಿ ಬೀಟೆ ಮರದ್ದಿತ್ತು. ಒರಿಜಿನಲ್ ಒಡೆದಾಗ ತೋಟದ ಬಡಗಿ ಕಡೆದುಕೊಟ್ಟಿದ್ದಂತೆ. ಕೈ ಸವೆದು ಸವೆದು ಅಡಕೆಯ ಹಾಗೆ ನುಣುಪಾಗಿತ್ತು. ಓನರ್ ಮಗ ಇಂಗ್ಲೆಂಡಿನಿಂದ ಹೊಸ ಪ್ಲಾಸ್ಟಿಕ್ ಹಿಡಿ ತರಿಸಿದ್ದ. ಹಾಕಿಕೊಟ್ಟೆ. ಹಳೆಯದನ್ನು ಪೇಪರ್ ಸುತ್ತಿ ಗ್ಲೋವ್ ಬಾಕ್ಸಿನಲ್ಲಿ ಇಟ್ಟೆ. ಆರು ತಿಂಗಳಿಗೆ ಅವರ ಅಪ್ಪ ಫೋನ್ ಮಾಡಿ, ಹಳೇದನ್ನೇ ಹಾಕಪ್ಪ, ಕೈಗೆ ಅದೇ ಸಿಗುತ್ತೆ ಅಂದರು.

ಕಾನೂನಿಗೂ ಈಗ ಒರಿಜಿನಲ್ ಬೇಕು. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗೆ ಪ್ರತ್ಯೇಕ ನಿಯಮ ತಂದಿತು. ಐವತ್ತು ವರ್ಷ ದಾಟಿರಬೇಕು. ಚಾಸಿ, ಬಾಡಿ, ಇಂಜಿನ್ ದೊಡ್ಡದಾಗಿ ಬದಲಾಗಿರಬಾರದು. ಹೊಸದಾಗಿ ರಿಜಿಸ್ಟರ್ ಮಾಡಿಸಲು ಇಪ್ಪತ್ತು ಸಾವಿರ ಫೀಸು, ಹತ್ತು ವರ್ಷದ ಅವಧಿ, ನಂಬರಿನಲ್ಲಿ ವಿಎ ಅಂತ ಬರುತ್ತದೆ. ಆ ಪ್ಲೇಟ್ ಹಾಕಿದ ಮೇಲೆ ರ‍್ಯಾಲಿಗೆ, ಪ್ರದರ್ಶನಕ್ಕೆ, ಪೆಟ್ರೋಲ್ ಹಾಕಿಸೋಕೆ, ರಿಪೇರಿಗೆ ಓಡಿಸಬಹುದು. ದಿನಾ ಓಡಾಡುವ ಹಾಗಿಲ್ಲ. ನನ್ನ ಪ್ಲಿಮತ್ ಇದರಲ್ಲಿ ಬರುವುದಿಲ್ಲ. ಅದಕ್ಕೆ ಎಪ್ಪತ್ತು ವರ್ಷ, ಆದರೆ ಎದೆ ಮೆಟಡಾರ್‌ದು. ನಿಯಮ ಮಾಡಿದವರದು ತಪ್ಪು ಅನ್ನುತ್ತಿಲ್ಲ. ಎಲ್ಲೋ ಒಂದು ಗೆರೆ ಎಳೆಯಲೇಬೇಕು. ಆದರೂ ಆ ಬ್ರಾಕೆಟ್ ಮಾಡಿದವನ ಕೆಲಸ ಯಾವ ಮ್ಯೂಸಿಯಂಗೂ ಹೋಗುವುದಿಲ್ಲವಲ್ಲ ಅಂತ ನನಗೆ ಬೇಜಾರು.

ಪಾರ್ಟ್ಸ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಬೆಂಗಳೂರಿನ ಜೆಸಿ ರೋಡ್, ಶಿವಾಜಿನಗರದ ಗುಜರಿ, ಇವೆರಡು ಸುತ್ತಿದರೆ ಫಿಯೆಟ್, ಅಂಬಾಸಿಡರ್‌ನ ಮುಕ್ಕಾಲು ಪಾರ್ಟ್ಸ್ ಹೇಗೋ ಸಿಗುತ್ತವೆ. ಬುಶ್, ಪಿನ್ನು ಲೇತ್‌ನಲ್ಲಿ ಮಾಡಿಸುತ್ತೇವೆ. ಎರಡು ಪಾರ್ಟಿನ ನಡುವೆ ಸೋರದ ಹಾಗೆ ಇಡುವ ಗ್ಯಾಸ್ಕೆಟ್ ನಾವೇ ಕತ್ತರಿಸುತ್ತೇವೆ. ಶೀಟನ್ನು ಆ ಪಾರ್ಟಿನ ಮೇಲೇ ಇಟ್ಟು ಅಂಚಿನಲ್ಲಿ ಸುತ್ತಿಗೆಯಿಂದ ಮೆಲ್ಲಗೆ ಕುಟ್ಟುತ್ತಾ ಹೋದರೆ ಅಷ್ಟೇ ಆಕಾರಕ್ಕೆ ಕತ್ತರಿಸಿಕೊಂಡು ಬರುತ್ತದೆ. ಪ್ಲಗ್ಗುಗಳಿಗೆ ಕಿಡಿ ಹಂಚುವ ಡೆಲ್ಕೊ ಒಳಗಿನ ಪಾಯಿಂಟಿನ ಸಂದಿ, ಒಂದು ಇಂಚನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ಹದಿನೈದು ಭಾಗ ಇರಬೇಕು. ದಾರಿಯಲ್ಲಿ ಗೇಜು ಇಲ್ಲದಿದ್ದರೆ ವಿಸಿಟಿಂಗ್ ಕಾರ್ಡ್ ಸಾಕು. ಕೆಲವು ಗಿರಾಕಿಗಳ ಕಾರ್ಡ್ ನಾನು ಇಟ್ಟುಕೊಂಡಿರುವುದು ಅದಕ್ಕೇ.

ನಿಜವಾದ ಚಿಂತೆ ಈಗ ಪೆಟ್ರೋಲಿನದು.

ಮೊದಲು ಪೆಟ್ರೋಲಿಗೆ ಸೀಸ ಬೆರೆಸುತ್ತಿದ್ದರು. ಮಕ್ಕಳ ಮೆದುಳಿಗೆ ವಿಷ ಅದು, ಹೋಗಬೇಕಾಗಿತ್ತು, 2000ದ ಫೆಬ್ರವರಿಯಿಂದ ದೇಶದಲ್ಲೆಲ್ಲ ನಿಂತಿತು. ಆದರೆ ಅಂಬಾಸಿಡರ್‌ನ ಹಳೇ ಇಂಜಿನ್ನಿಗೆ ಆ ಸೀಸ ಬೇಕಿತ್ತು. ವಾಲ್ವು ಬಂದು ಕೂರುವ ಸೀಟನ್ನು ಇಂಜಿನ್ನಿನ ಮೇಲ್ಭಾಗದ ಹೆಡ್ಡಿನ ಎರಕದಲ್ಲೇ ಕೊರೆದಿರುತ್ತಾರೆ. ಸೀಸದ ತೆಳು ಪದರ ಅಲ್ಲಿ ದಿಂಬಿನ ಹಾಗಿತ್ತು. ದಿಂಬು ಹೋದ ಮೇಲೆ ವಾಲ್ವು ಕುಟ್ಟಿ ಕುಟ್ಟಿ ಸೀಟಿನೊಳಗೆ ಇಳಿಯತೊಡಗಿತು. ಮಾಮೂಲಿ ಸವೆತದಲ್ಲಿ ವಾಲ್ವನ್ನು ಒತ್ತುವ ಟ್ಯಾಪೆಟ್‌ನ ಸಂದಿ ಜಾಸ್ತಿ ಆಗುತ್ತದೆ, ಟಕಟಕ ಸದ್ದು ಬರುತ್ತದೆ. ಇದರಲ್ಲಿ ಉಲ್ಟಾ. ಸಂದಿ ಕಮ್ಮಿ ಆಗುತ್ತಾ ಬರುತ್ತದೆ, ಸದ್ದೇ ಇಲ್ಲ. ಆಹಾ ಎಷ್ಟು ಸೈಲೆಂಟು ಅಂತ ಓನರ್ ಖುಷಿ ಪಡುತ್ತಿರುತ್ತಾನೆ. ಒಂದು ದಿನ ವಾಲ್ವು ಪೂರ್ತಿ ಮುಚ್ಚದೆ ಗಾಡಿ ಚಾಮುಂಡಿ ಬೆಟ್ಟ ಹತ್ತುವುದಿಲ್ಲ. ಮಷಿನ್ ಶಾಪಿನಲ್ಲಿ ಗಟ್ಟಿ ಉಕ್ಕಿನ ರಿಂಗು ಕೂರಿಸಿದರೆ ಸರಿ ಹೋಗುತ್ತದೆ. ಫಿಯೆಟ್‌ನ ಹೆಡ್ಡು ಅಲ್ಯೂಮಿನಿಯಂ, ಅದಕ್ಕೆ ಮೊದಲೇ ರಿಂಗು ಇರುವುದರಿಂದ ಅದು ಅಷ್ಟು ಒದ್ದಾಡಲಿಲ್ಲ.

ಈಗ ಎಥನಾಲ್. ನೂರರಲ್ಲಿ ಇಪ್ಪತ್ತು ಭಾಗ ಎಥನಾಲ್ ಇರುವ ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಚಾಲನೆ ಕೊಟ್ಟರು. ಕಬ್ಬು ಬೆಳೆಯುವವರ ಮಗನಾಗಿ ನಾನು ಎಥನಾಲನ್ನು ಬೈಯುವ ಹಾಗಿಲ್ಲ, ನಮ್ಮಣ್ಣ ಗದ್ದೆಯಿಂದಲೇ ಫೋನ್ ಮಾಡಿ ಜಗಳಕ್ಕೆ ಬರುತ್ತಾನೆ. ಆದರೆ ಕಾರ್ಬುರೇಟರ್‌ಗೆ ಅಣ್ಣ ತಮ್ಮ ಗೊತ್ತಿಲ್ಲ. ಎಥನಾಲ್ ಗಾಳಿಯಲ್ಲಿರುವ ನೀರನ್ನು ಹೀರುತ್ತದೆ. ಗಾಡಿ ತಿಂಗಳುಗಟ್ಟಲೆ ನಿಂತರೆ ಆ ನೀರು ಬೇರೆಯಾಗಿ ಟ್ಯಾಂಕಿನ ತಳದಲ್ಲಿ ಕೂರುತ್ತದೆ. ತುಕ್ಕು ಹಿಡಿಯುತ್ತದೆ. ಕಾರ್ಬುರೇಟರ್ ಬಟ್ಟಲಿನಲ್ಲಿ ಬಿಳಿ ಪುಡಿ. ಹಳೇ ರಬ್ಬರ್ ಪೈಪು, ಪಂಪಿನ ಒಳಗಿನ ಪೊರೆ ಊದಿಕೊಂಡು ಬಿರುಕು ಬಿಡುತ್ತವೆ. ಪೆಟ್ರೋಲು ಸೋರಿ ಬಿಸಿ ಸೈಲೆನ್ಸರ್ ಮೇಲೆ ಬಿದ್ದರೆ ಗೊತ್ತಲ್ಲ.

ಹಾಗಾಗಿ ನನ್ನ ಹತ್ತಿರ ಬರುವ ಎಲ್ಲ ಗಾಡಿಗೂ ಮೊದಲು ಎಥನಾಲ್ ತಡೆಯುವ ಪೈಪು ಹಾಕುತ್ತೇನೆ. ನೂರಿನ್ನೂರು ರೂಪಾಯಿ ಉಳಿಸಲು ಬೇಡ ಅನ್ನುವವರಿಗೆ ಬೇರೆ ಗ್ಯಾರೇಜು ತೋರಿಸುತ್ತೇನೆ. ಆಮೇಲೆ ಜೆಟ್ಟು, ಅಂದರೆ ಕಾರ್ಬುರೇಟರ್‌ನಲ್ಲಿ ಪೆಟ್ರೋಲು ಅಳೆದು ಬಿಡುವ ಸಣ್ಣ ತೂತಿನ ತುಂಡು. ಎಥನಾಲ್‌ನಲ್ಲಿ ಶಕ್ತಿ ಕಮ್ಮಿ, ಅದರೊಳಗೇ ಸ್ವಲ್ಪ ಆಮ್ಲಜನಕವೂ ಇದೆ, ಹಾಗಾಗಿ ಇಂಜಿನ್ನಿಗೆ ಪೆಟ್ರೋಲು ಸಾಲದೆ ಬಿಸಿಯಾಗುತ್ತದೆ. ಒಂದು ನಂಬರ್ ದೊಡ್ಡ ಜೆಟ್ ಹಾಕಿ, ಪ್ಲಗ್ ಬಿಚ್ಚಿ ಬಣ್ಣ ನೋಡಬೇಕು. ಕಾಫಿಗೆ ಹಾಲು ಹಾಕಿದ ಬಣ್ಣ ಇದ್ದರೆ ಸರಿ. ಬೆಳ್ಳಗಿದ್ದರೆ ಇನ್ನೂ ಸಾಲದು.

ಹುಡುಗರೇ, ನಿಮಗೆ ಎರಡು ಮಾತು. ಐಟಿಐಯಲ್ಲಿ ಎರಡು ವರ್ಷ ಮೋಟಾರ್ ಮೆಕ್ಯಾನಿಕ್ ಟ್ರೇಡ್ ಓದಿದವರು ಬಂದು ಸ್ಕ್ಯಾನರ್ ಎಲ್ಲಿ ಅಣ್ಣ ಅಂತ ಕೇಳುತ್ತಾರೆ. ಸ್ಕ್ಯಾನರ್ ಅಂದರೆ ಹೊಸ ಕಾರಿಗೆ ಚುಚ್ಚಿ ದೋಷ ಓದುವ ಮೆಷಿನ್ನು. ಇವಕ್ಕೆ ಅದನ್ನು ಚುಚ್ಚುವ ತೂತೇ ಇಲ್ಲ. ಉದ್ದ ಸ್ಕ್ರೂಡ್ರೈವರ್‌ನ ತುದಿ ಇಂಜಿನ್ನಿಗೆ, ಹಿಡಿ ಕಿವಿಗೆ. ಹಾಗೆ ಕೇಳಿಸಿಕೊಂಡು ಯಾವ ಟ್ಯಾಪೆಟ್ ಅಂತ ಹೇಳಬೇಕು. ಇಂಜಿನ್ ಸ್ಟಾರ್ಟ್ ಮಾಡಲು ಮುಂದಿನಿಂದ ಹ್ಯಾಂಡಲ್ ಹೊಡೆಯುವಾಗ ಹೆಬ್ಬೆರಳು ಮಿಕ್ಕ ಬೆರಳುಗಳ ಕಡೆಯೇ ಇರಲಿ, ಸುತ್ತಿ ಹಿಡಿದರೆ ಇಂಜಿನ್ ಹಿಂದಕ್ಕೆ ಒದ್ದಾಗ ಮುರಿಯುತ್ತದೆ. ಇದು ನನ್ನ ಎಡಗೈ, ನೋಡಿ, ಇನ್ನೂ ಸೊಟ್ಟ. ಈಗ ನನ್ನ ಹತ್ತಿರ ಒಬ್ಬಳು ಹುಡುಗಿ ಕಲಿಯುತ್ತಿದ್ದಾಳೆ. ಏನಾದರೂ ಬಿಚ್ಚುವ ಮುಂಚೆ ಫೋನಿನಲ್ಲಿ ಫೋಟೋ ತೆಗೆದುಕೊಳ್ಳುತ್ತಾಳೆ. ಮೊದಲು ನನಗೆ ಸಿಟ್ಟು ಬಂತು, ನೆನಪಿಟ್ಟುಕೊಳ್ಳೋಕೆ ಆಗಲ್ವಾ ಅಂತ. ಆಮೇಲೆ ಒಂದು ಸಲ ಗೇರ್ ಬಾಕ್ಸಿನ ಒಂದು ಸ್ಪ್ರಿಂಗು ಎಲ್ಲಿಯದು ಅಂತ ನನಗೇ ಮರೆತು ಹೋಯಿತು. ಅವಳ ಫೋಟೋ ನೋಡಿ ಹಾಕಿದೆ. ಈಗ ಬೈಯುವುದಿಲ್ಲ.

ಕೊನೆಗೆ ಪ್ರಶ್ನೆ ಕೇಳಿದರು. ಹಳೇ ಕಾರಿಗೆ ಎಲೆಕ್ಟ್ರಿಕ್ ಮೋಟಾರ್ ಹಾಕಬಹುದಾ ಅಂತ ಒಬ್ಬ ಹುಡುಗ. ಹಾಕಬಹುದು, ಮೆಟಡಾರ್ ಹಾಕಿದವರಿದ್ದಾರೆ, ಮೋಟಾರ್ ಹಾಕಿದರೆ ಏನಂತೆ. ಆದರೆ ಹಳೇ ಇಂಜಿನ್ ಗುಜರಿಗೆ ಹಾಕದೆ ಗ್ರೀಸ್ ಬಳಿದು ಮೂಲೆಯಲ್ಲಿಡಿ ಅಂದೆ. ಫಿಯೆಟ್‌ನ ಸ್ಟೀರಿಂಗ್ ಪಕ್ಕದ ಗೇರು ಸಿಗ್ನಲ್‌ನಲ್ಲೇ ಯಾಕೆ ಸಿಕ್ಕಿಹಾಕಿಕೊಳ್ಳುತ್ತೆ ಅಂತ ಒಬ್ಬರು ಹಿರಿಯರು ಕೇಳಿದರು. ಸಭೆಯಲ್ಲಿ ಅರ್ಧ ಜನ ನಕ್ಕರು. ಎಲ್ಲರೂ ಒಮ್ಮೆಯಾದರೂ ಹಿಂದಿನ ಗಾಡಿಗಳ ಹಾರ್ನ್ ಕೇಳಿಕೊಂಡು ಬಾನೆಟ್ ಎತ್ತಿ ಕೈಯಲ್ಲಿ ಲಿವರ್ ಎಳೆದವರೇ. ಬುಶ್ ಸವೆದಿರುತ್ತದೆ ಸಾರ್, ಐದು ನಿಮಿಷದ ಕೆಲಸ, ಯಾರೂ ಮಾಡಿಸುವುದಿಲ್ಲ ಅಂದೆ.

ಆಮೇಲೆ ಹಿಂದಿನ ಸಾಲಿನಿಂದ ಒಬ್ಬರು ಎದ್ದರು. ಅವರ ತಂದೆಯವರ ಫಿಯೆಟ್ ಹದಿನೆಂಟು ವರ್ಷದಿಂದ ಶೆಡ್ಡಿನಲ್ಲಿದೆಯಂತೆ. ಹೊಸ ಬ್ಯಾಟರಿ ತಂದು ಮುಂದಿನ ವಾರ ಸ್ಟಾರ್ಟ್ ಮಾಡೋಣ ಅಂತಿದ್ದೇನೆ, ಏನಂತೀರಿ?

ದಯವಿಟ್ಟು ಬೇಡ ಅಂದೆ. ಮೊದಲು ಪ್ಲಗ್ ನಾಲ್ಕೂ ಬಿಚ್ಚಿ. ಒಂದೊಂದು ಸಿಲಿಂಡರಿಗೂ ಒಂದೊಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಎರಡು ದಿನ ಸುಮ್ನೆ ಬಿಡಿ. ಆಮೇಲೆ ಕೈಯಲ್ಲಿ ಹ್ಯಾಂಡಲ್ ಹಾಕಿ ಮೆಲ್ಲಗೆ ತಿರುಗಿಸಿ. ತಿರುಗದಿದ್ದರೆ ಬಲ ಹಾಕಬೇಡಿ, ಇನ್ನಷ್ಟು ಆಯಿಲ್, ಇನ್ನೆರಡು ದಿನ. ಟ್ಯಾಂಕು ಇಳಿಸಿ ಹಳೇ ಪೆಟ್ರೋಲು ಚೆಲ್ಲಿಸಿ, ಅದು ಈಗ ವಾರ್ನಿಶ್ ಆಗಿರುತ್ತದೆ. ಏರ್ ಕ್ಲೀನರ್‌ನಲ್ಲಿ ಇಲಿ ಇದೆಯಾ ನೋಡಿ. ಇಂಜಿನ್ ಸ್ಟಾರ್ಟ್ ಮಾಡುವ 
ಮುಂಚೆ ನಾಲ್ಕೂ ಚಕ್ರದ ಡ್ರಮ್ ಬಿಚ್ಚಿ ಬ್ರೇಕು ನೋಡಿ. ಹೊರಟ ಮೇಲೆ ನಿಲ್ಲಬೇಕಲ್ಲ.

ಅವರು ಪುಸ್ತಕದಲ್ಲಿ ಎಲ್ಲ ಬರೆದುಕೊಂಡರು. ಆರ್‌ಸಿ ಪುಸ್ತಕ ಇದೆಯಾ ಅಂತ ಕೇಳಿದೆ. ಅದೊಂದನ್ನು ನನ್ನ ಲೇತ್‌ನವನು ಮಾಡಿಕೊಡುವುದಿಲ್ಲ ಅಂದೆ. ಅವರು ಸ್ವಲ್ಪ ಹೊತ್ತು ಯೋಚನೆ ಮಾಡಿದರು.

"ಅಪ್ಪ ಎಲ್ಲೋ ಜೋಪಾನವಾಗಿ ಇಟ್ಟಿದ್ದಾರೆ" ಅಂದರು.